ಗರಗಸದ ಮೂತಿ ಎಗರಿದಾಗ ಕೈಬಲ ಸಾಲದು

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದರ ಊದುಕುಲುಮೆ ಉರಿದದ್ದು ಸುತ್ತಲಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆಗೂ ಮರವೇ ಆಹಾರವಾಯಿತು. ಅದರ ನೆಡುತೋಪುಗಳಿಂದಾಗಿ ನೀಲಗಿರಿ, ಅಕೇಶಿಯಾ ಶಿವಮೊಗ್ಗ ಜಿಲ್ಲೆಯ ತುಂಬ ಹಬ್ಬಿದವು. ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ ಮಾಡುತ್ತಿದ್ದ ಕೆಲಸವನ್ನು ಇಂದು ಪೆಟ್ರೋಲ್ ಹಾಕಿದ ಚೈನ್ ಸಾ ನಿಮಿಷಗಳಲ್ಲಿ ಮುಗಿಸುತ್ತದೆ. ಭದ್ರಾವತಿಯ ನ್ಯೂ ಟೌನ್ ಬಡಾವಣೆಯ ಹಿತ್ತಲಲ್ಲಿ ಬಿದ್ದ ಕೊಂಬೆಯಿಂದ ಹಿಡಿದು ತೋಟದ ಮನೆಯಲ್ಲಿ ಅಡಿಕೆ ಬೇಯಿಸುವ ಒಲೆಯ ಸೌದೆಯವರೆಗೆ ಎಲ್ಲಕ್ಕೂ ಅದೇ ಬೇಕು. ಈ ಯಂತ್ರದ ಅತಿ ಭಯಂಕರ ಗಾಯಗಳ ಹಿಂದಿರುವುದು 'ಕಿಕ್‌ಬ್ಯಾಕ್', ಅಂದರೆ ಓಡುತ್ತಿರುವ ಗರಗಸ ಇದ್ದಕ್ಕಿದ್ದಂತೆ ಹಿಡಿದವನ ಮುಖದ ಕಡೆಗೆ ಎಗರುವುದು. ಇದನ್ನು ಕೈತಪ್ಪೆಂದೋ ಹೊಸಬರ ಅಜ್ಞಾನವೆಂದೋ ತಳ್ಳಿಹಾಕುವುದು ರೂಢಿ. ಆದರೆ ಕಿಕ್‌ಬ್ಯಾಕ್ ಯಂತ್ರದ ಆಕಾರದಲ್ಲೇ ಅಡಗಿದೆ. ಆದ್ದರಿಂದ ಅದನ್ನು ತಡೆಯುವ ದಾರಿಯನ್ನೂ ಆ ಆಕಾರವನ್ನು ನೋಡಿಯೇ ಕಂಡುಕೊಳ್ಳಬೇಕು.

ಚೈನು ತಾನು ಸುತ್ತುವ ಉದ್ದನೆಯ ಪಟ್ಟಿಯ, ಅಂದರೆ ಬಾರ್‌ನ, ಮೇಲಂಚಿನಲ್ಲಿ ನಮ್ಮಿಂದ ದೂರಕ್ಕೆ ಓಡುತ್ತದೆ, ತುದಿಯಲ್ಲಿ ಕೆಳಗೆ ತಿರುಗುತ್ತದೆ, ಕೆಳಂಚಿನಲ್ಲಿ ನಮ್ಮ ಕಡೆಗೆ ಮರಳುತ್ತದೆ. ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಗಂಟೆಗೆ 72 ಕಿಲೋಮೀಟರ್. ಸಾಮಾನ್ಯ ಚೈನಿನಲ್ಲಿ ಹಲ್ಲುಗಳ ನಡುವೆ ಸುಮಾರು 4 ಸೆಂಟಿಮೀಟರ್ ಅಂತರವಿರುವುದರಿಂದ ಒಂದೊಂದು ಸೆಕೆಂಡಿಗೂ 500ರಷ್ಟು ಹಲ್ಲುಗಳು ಮರವನ್ನು ಕಚ್ಚಿ ಹೋಗುತ್ತವೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿದೆ. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ತಗ್ಗು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಈ ದಿಬ್ಬವೇ. ಬಾರ್‌ನ ನೇರ ಭಾಗದಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ದುಂಡನೆಯ ತುದಿಯಲ್ಲಿ ಚೈನು ಬಾಗಿದಾಗ ಹಲ್ಲು ಹೊರಕ್ಕೆ ಚಾಚಿಕೊಳ್ಳುತ್ತದೆ, ದಿಬ್ಬದ ಹತೋಟಿ ತಪ್ಪುತ್ತದೆ. ಎಂಜಿನ್ ಎಡಕ್ಕೆ ಬರುವಂತೆ ಗರಗಸವನ್ನು ಪಕ್ಕದಿಂದ ನೋಡಿ, ತುದಿಯನ್ನು ಗಡಿಯಾರದ ಮುಖವೆಂದುಕೊಂಡರೆ, 12 ಗಂಟೆಯಿಂದ 3 ಗಂಟೆಯವರೆಗಿನ ಕಾಲುಭಾಗವೇ ಅಪಾಯದ ಜಾಗ. ಅಲ್ಲಿ ಹಲ್ಲು ಮುಂದಕ್ಕೂ ಕೆಳಕ್ಕೂ ಚಲಿಸುತ್ತಿರುತ್ತದೆ. ಅದು ಮರದಲ್ಲಿ ಸಿಕ್ಕಿಕೊಂಡ ಕ್ಷಣ ಪ್ರತಿಬಲ ಹಿಂದಕ್ಕೂ ಮೇಲಕ್ಕೂ ಬರುತ್ತದೆ. ಆ ಬಲ ಬೀಳುವುದು ಹಿಡಿಕೆಗಳಿಂದ ದೂರದ ತುದಿಯ ಮೇಲಾದ್ದರಿಂದ ಇಡೀ ಯಂತ್ರ ಕಮಾನಿನಂತೆ ತಿರುಗಿ ಕುತ್ತಿಗೆ, ಮುಖ, ಭುಜಗಳತ್ತ ಬರುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಅದರ ಎರಡರಷ್ಟು ಸಮಯ ಬೇಕು.

ಇಪ್ಪತ್ತು ವರ್ಷ ಮರ ಕೊಯ್ದವರು 'ನಮ್ಮ ಹಿಡಿತ ಗಟ್ಟಿ, ನಮಗೇನೂ ಆಗಿಲ್ಲ' ಎನ್ನುವುದುಂಟು. ಆ ಅನುಭವಕ್ಕೆ ಬೆಲೆಯಿದೆ. ಆದರೆ ಅವರನ್ನು ಕಾಪಾಡಿದ್ದು ತುದಿಯನ್ನು ಮರಕ್ಕೆ ತಾಗಿಸದ ಅಭ್ಯಾಸ. ಎಗರಿದ ಮೇಲೆ ಹಿಡಿದು ನಿಲ್ಲಿಸುವ ಶಕ್ತಿ ಯಾರ ತೋಳಿಗೂ ಇಲ್ಲ. ಇನ್ನು ಕೆಲವರು ಬ್ರೇಕ್ ಇದೆಯಲ್ಲ ಎನ್ನುತ್ತಾರೆ. ಮುಂದಿನ ಹಿಡಿಕೆಯೆದುರಿನ ಗಾರ್ಡ್ ಎಡಗೈಗೆ ತಾಗಿದಾಗ ಚೈನು ನಿಲ್ಲುವ ಈ ಏರ್ಪಾಡು 1970ರ ದಶಕದ ಮೊದಲ ವರ್ಷಗಳಲ್ಲೇ ಬಂತು. ಈಗಿನ ಒಳ್ಳೆಯ ಯಂತ್ರಗಳಲ್ಲಿ ಕೈ ತಾಗದಿದ್ದರೂ ಎಗರಿದ ಜಡತ್ವಕ್ಕೇ ಬ್ರೇಕ್ ಬೀಳುತ್ತದೆ. ಅದು ಎಷ್ಟೋ ಜೀವ ಉಳಿಸಿದೆ, ನಿಜ. ಆದರೂ ಬ್ರೇಕ್ ಹಿಡಿಯಲಿಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ಬೇಕು, ಅಷ್ಟರಲ್ಲಿ ಹತ್ತಾರು ಹಲ್ಲು ಓಡಿರುತ್ತವೆ. ಮೇಲಾಗಿ ಅದು ನಿಲ್ಲಿಸುವುದು ಚೈನನ್ನು, ಎಗರುವ ಬಾರನ್ನಲ್ಲ. ಬ್ಯಾಟರಿಯ ಸಣ್ಣ ಗರಗಸ ನಿರಪಾಯಕಾರಿ ಎಂಬ ನಂಬಿಕೆಯೂ ಪೊಳ್ಳು. ಅದರ ಬಾರ್‌ಗೂ ದುಂಡು ತುದಿಯಿದೆ, ಹಗುರವಾದ್ದರಿಂದ ಒಂದೇ ಕೈಯಲ್ಲಿ ಹಿಡಿಯುವ ಆಸೆಯನ್ನೂ ಹುಟ್ಟಿಸುತ್ತದೆ.

ದೊಡ್ಡ ಮರ ಕೆಡವುವುದಕ್ಕೆ ಎಲ್ಲರೂ ಹೆದರುತ್ತಾರೆ, ಸೌದೆ ಕೊಯ್ಯುವುದನ್ನು ಹಗುರವಾಗಿ ಕಾಣುತ್ತಾರೆ. ಕಿಕ್‌ಬ್ಯಾಕಿನ ಮಟ್ಟಿಗೆ ಈ ಲೆಕ್ಕ ತಪ್ಪು. ರಾಶಿಯಲ್ಲಿರುವ ತುಂಡನ್ನು ಅಲ್ಲೇ ಕೊಯ್ದರೆ ಬಾರ್‌ನ ತುದಿ ಹಿಂದಿನ ತುಂಡಿಗೆ ತಾಗುತ್ತದೆ, ಅದು ನಮಗೆ ಕಾಣುವುದೂ ಇಲ್ಲ. ಅಕೇಶಿಯಾದ ಕವಲುಕವಲಾದ ರೆಂಬೆಗಳಲ್ಲೂ ಇದೇ ಕಥೆ. ಹಾಗಾಗಿ ಒಂದೊಂದೇ ತುಂಡನ್ನು ಹೊರಗೆಳೆದು, ಗುಣಿಸು ಚಿಹ್ನೆಯ ಹಾಗೆ ಗೂಟ ಜೋಡಿಸಿದ ಮರದ ಸ್ಟ್ಯಾಂಡಿನ ಮೇಲಿಟ್ಟು, ತುದಿಯ ಆಚೆ ಏನೂ ಇಲ್ಲವೆಂದು ನೋಡಿ, ಎಂಜಿನ್ ಹತ್ತಿರದ ಭಾಗದಿಂದಲೇ ಕೊಯ್ಯಬೇಕು. ಚೈನು ಪೂರ್ಣ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಬೇಕು. ಎಡಗೈಯ ಹೆಬ್ಬೆರಳು ಹಿಡಿಕೆಯನ್ನು ಕೆಳಗಿನಿಂದ ಸುತ್ತಿರಲಿ, ಮೊಣಕೈ ಆದಷ್ಟು ನೇರವಾಗಿರಲಿ, ಮೈ ಕೊಯ್ಯುವ ಗೆರೆಯಿಂದ ಎಡಕ್ಕೆ ಸರಿದಿರಲಿ. ಆಗ ಎಗರಿದರೂ ಬಾರ್ ಬಲಭುಜದ ಪಕ್ಕದಲ್ಲಿ ಹಾದುಹೋಗುವ ಸಾಧ್ಯತೆ ಹೆಚ್ಚು. ಭುಜಕ್ಕಿಂತ ಎತ್ತರದಲ್ಲಿ, ಏಣಿಯ ಮೇಲೆ ನಿಂತು ಕೊಯ್ಯಲೇಬಾರದು. ಚೈನು ಅರದಿಂದ ಹರಿತಮಾಡುವವರು 'ಬೇಗ ಕೊಯ್ಯಲಿ' ಎಂದು ಹಲ್ಲಿನ ಮುಂದಿನ ಆ ದಿಬ್ಬಗಳನ್ನು ವಿಪರೀತ ಉಜ್ಜುವುದಿದೆ. ಹಲ್ಲು ಆಳಕ್ಕೆ ಕಚ್ಚಿದಷ್ಟೂ ಕಿಕ್‌ಬ್ಯಾಕ್ ಜೋರಾಗುತ್ತದೆ.

ಹೆಲ್ಮೆಟ್, ಮುಖದ ಜಾಲರಿ, ರಕ್ಷಣಾ ಪ್ಯಾಂಟು ದುಬಾರಿ, ನಮ್ಮ ಸೆಖೆಗೆ ಹೊಂದುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ದಿನಗೂಲಿಗೆ ಬಂದವನು ಇದನ್ನೆಲ್ಲ ಸ್ವಂತ ದುಡ್ಡಲ್ಲಿ ಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಅದು ಯಂತ್ರದ ಮಾಲೀಕನ ಹೊಣೆ. ಆ ಪ್ಯಾಂಟಿನೊಳಗಿನ ಉದ್ದನೆಯ ನಾರುಗಳು ಚೈನು ತಾಗಿದೊಡನೆ ಎಳೆದುಕೊಂಡು ಬಂದು ಅದನ್ನು ಸಿಕ್ಕಿಸಿ ನಿಲ್ಲಿಸುತ್ತವೆ. ಪಂಚೆ ಉಟ್ಟು ಬರಿಗಾಲಲ್ಲಿ ನಿಂತವನಿಗೆ ಅಂಥ ಯಾವ ಆಸರೆಯೂ ಇಲ್ಲ. ಹಾಗೆಂದು ಎಚ್ಚರಿಕೆ ವಹಿಸಲು ಪ್ಯಾಂಟು ಸಿಗುವತನಕ ಕಾಯಬೇಕಾಗಿಲ್ಲ: ನಿಲ್ಲುವ ರೀತಿ, ತುದಿಯ ಮೇಲಿನ ಗಮನ, ಮರದ ಸ್ಟ್ಯಾಂಡು ಇವಕ್ಕೆ ಖರ್ಚೇ ಇಲ್ಲ.

ಚೈನ್ ಸಾದ ಗಾಯ ಕತ್ತಿಯ ಗಾಯದಂತಲ್ಲ. ಚೈನು ಏಳೆಂಟು ಮಿಲಿಮೀಟರ್ ಅಗಲಕ್ಕೆ ಮಾಂಸವನ್ನು ಕಿತ್ತೊಯ್ಯುತ್ತದೆ, ಎಣ್ಣೆಯನ್ನೂ ಮರದ ಹುಡಿಯನ್ನೂ ಒಳಗೆ ತುಂಬುತ್ತದೆ. ಶುದ್ಧ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿಹಿಡಿದು 108ಕ್ಕೆ ಕರೆಮಾಡಬೇಕು. ಒಬ್ಬರೇ ಸೌದೆ ಕೊಯ್ಯಲು ಹೋಗಬಾರದೆನ್ನುವುದು ಇದಕ್ಕೇ. ಕೃಷಿ ವಿಜ್ಞಾನ ಕೇಂದ್ರ, ಅಡಿಕೆ ಬೆಳೆಗಾರರ ಸಹಕಾರ ಸಂಘಗಳು, ಚೈನ್ ಸಾ ಮಾರುವ ಅಂಗಡಿಗಳು ಮನಸ್ಸು ಮಾಡಿದರೆ ಅರ್ಧ ದಿನದಲ್ಲಿ ಇಷ್ಟನ್ನೂ ಕೈಯಲ್ಲಿ ಹಿಡಿಸಿ ಕಲಿಸಬಹುದು. ಈ ಬೇಸಿಗೆಯಲ್ಲಿ, ಮುಂಗಾರಿಗೆ ಸೌದೆ ಕೂಡಿಡುವ ಮೊದಲೇ, ಅದನ್ನು ಶುರುಮಾಡಲಿ.