ರಾತ್ರಿಯ ಕ್ವಾರ್ಟರ್, ಬೆಳಗಿನ ಸ್ಟಿಯರಿಂಗ್

ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡುವ ಬಸ್ಸನ್ನು ನೆನೆಸಿಕೊಳ್ಳಿ. ರಾತ್ರಿ ಅರಳಿಕಟ್ಟೆಯ ಪಕ್ಕ ಬಂದು ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಊಟ ಮುಗಿಸಿ ಗಾಡಿಯೊಳಗೇ ಮಲಗುತ್ತಾರೆ. ಬೆಳಗ್ಗೆ ಐದೂವರೆಗೆ ಹೂವಿನ ಬುಟ್ಟಿ, ತರಕಾರಿ ಮೂಟೆ, ಕಾಲೇಜಿನ ಮಕ್ಕಳು ಹತ್ತಿದ ಮೇಲೆ ಹೊರಡುತ್ತದೆ. ರಾತ್ರಿ ಹತ್ತು ಗಂಟೆಗೆ ಆ ಡ್ರೈವರ್ ಖಾಲಿ ಹೊಟ್ಟೆಯಲ್ಲಿ ಒಂದು ಕ್ವಾರ್ಟರ್ ಹಾಕಿದ್ದರೆ, ಬೆಳಗ್ಗೆ ಅವರ ರಕ್ತದಲ್ಲಿ ಏನಿರುತ್ತದೆ?

ಲೆಕ್ಕ ಹಾಕಿ ನೋಡೋಣ. ಕ್ವಾರ್ಟರ್ ಎಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿಯಲ್ಲಿ ಶೇ. 42.8ರಷ್ಟು ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ. 60 ಕೆ.ಜಿ. ತೂಗುವ ಗಂಡಸಿನ 100 ಮಿಲಿ ರಕ್ತದಲ್ಲಿ ಅದು 140ರಿಂದ 150 ಮಿಲಿಗ್ರಾಂವರೆಗೆ ಏರಬಹುದು. ಯಕೃತ್ತು ಅದನ್ನು ಇಳಿಸುವುದು ಗಂಟೆಗೆ ಸರಾಸರಿ 15 ಮಿಲಿಗ್ರಾಂನಂತೆ. ಏಳೂವರೆ ಗಂಟೆಗೆ 110 ಹೋಯಿತು. ಉಳಿದದ್ದು 30ರಿಂದ 40. ಮೋಟಾರು ವಾಹನ ಕಾಯ್ದೆಯ ಮಿತಿ 30. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸ್ಟಿಯರಿಂಗ್‌ಗೆ ಕೈ ಮುಗಿದು ಕೂತ ಮನುಷ್ಯ ಕಾನೂನಿನ ಕಣ್ಣಲ್ಲಿ ಇನ್ನೂ ಕುಡಿದೇ ಇದ್ದಾರೆ. ಕ್ವಾರ್ಟರ್ ಮೇಲೊಂದು ನೈಂಟಿ ಬಿದ್ದಿದ್ದರೆ ಮಿತಿಯ ಮೂರು ಪಟ್ಟು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು, ಸ್ಟ್ರಾಂಗ್ ಕಾಫಿ ಯಾವುದೂ ಯಕೃತ್ತಿನ ಕೆಲಸವನ್ನು ಬೇಗ ಮಾಡಿಸುವುದಿಲ್ಲ.

ರಕ್ತ ತಿಳಿಯಾದರೂ ತೊಂದರೆ ಮುಗಿಯದು. 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ನೌಕಾಪಡೆಯ 10 ಪೈಲಟ್‌ಗಳಿಗೆ ಮದ್ಯ ಕುಡಿಸಿ, 14 ಗಂಟೆ ಕಳೆದ ಮೇಲೆ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಆಗಲೂ ಅವರ ಹಾರಾಟ ಹದ ತಪ್ಪಿತ್ತು. ರೈಲಿನ ಲೋಕೋ ಪೈಲಟ್ ಡ್ಯೂಟಿಗೆ ಮುಂಚೆ ಲಾಬಿಯಲ್ಲಿ ಊದಲೇಬೇಕು, ವಿಮಾನದ ಪೈಲಟ್ ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟಬಾರದು ಎಂಬ ನಿಯಮಗಳೆಲ್ಲ ಇದಕ್ಕೇ. ಕ್ರೇನ್ ನಡೆಸುವವರು, ಕಂಬ ಹತ್ತುವ ಲೈನ್‌ಮನ್, ಬಾಯ್ಲರ್ ನೋಡಿಕೊಳ್ಳುವವರು ಎಲ್ಲರದೂ ಇದೇ ಬಗೆಯ ಕೆಲಸ. ಅರೆಕ್ಷಣದ ತಪ್ಪಿಗೆ ಬೇರೆಯವರ ಜೀವ ಹೋಗುತ್ತದೆ.

ಆದರೆ ಊದುವ ಯಂತ್ರ ಹೇಳುವುದು ಆ ಹೊತ್ತಿನ ಮಾತನ್ನು ಮಾತ್ರ. ಕಾಯಿಲೆ ಕಾಣುವುದು ಟೀ ಅಂಗಡಿಯಲ್ಲಿ. ದಿನವೂ ಕುಡಿಯುವ ಡ್ರೈವರ್ ಬೆಳಗ್ಗೆ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದರೂ ಟೀ ತುಳುಕುತ್ತದೆ. ಹಣೆಯಲ್ಲಿ ಬೆವರು. ಒಂದು ಪೆಗ್ ಒಳಗೆ ಹೋದರೆ ಕೈ ನಿಲ್ಲುತ್ತದೆ, ಅದಕ್ಕೇ ಹಾಕುತ್ತಾರೆ. ಹೊರಗಿನವರಿಗೆ ಅದು ಹೊಣೆಗೇಡಿತನ ಅನ್ನಿಸುತ್ತದೆ. ಅವರಿಗೆ ಅದು ಅವತ್ತಿನ ಡ್ಯೂಟಿ ಮುಗಿಸಲು ಬೇಕಾದ ಔಷಧಿ. ಇದನ್ನು ಮೊದಲು ಕಾಣುವವರು ಕಂಡಕ್ಟರ್. "ಅಣ್ಣ, ಏಲಕ್ಕಿ ಹಾಕ್ಕೊಳ್ಳಿ" ಅನ್ನುತ್ತಾರೆ, ಮೇಲಿನವರಿಗೆ ತಿಳಿಸುವುದಿಲ್ಲ. ತಿಳಿಸಿದರೆ ಸಸ್ಪೆಂಡ್, ಮನೆಯಲ್ಲಿ ಮಕ್ಕಳ ಫೀಸು. ಪ್ರೀತಿಯಿಂದ ಮಾಡುವ ಈ ಮುಚ್ಚುಮರೆಯೇ ನನಗೆ ಕುಡಿತಕ್ಕಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ.

ಮುಚ್ಚಿಡದೆ ಎದುರಿಸುವ ದಾರಿಯೂ ಇದೆ. 1990ರ ಮಾರ್ಚ್ 8ರಂದು ಅಮೆರಿಕದಲ್ಲಿ ಫಾರ್ಗೋದಿಂದ ಮಿನಿಯಾಪೊಲಿಸ್‌ಗೆ ಹೊರಟ ನಾರ್ತ್‌ವೆಸ್ಟ್ ಏರ್‌ಲೈನ್ಸ್ ವಿಮಾನದ ಮೂವರು ಚಾಲಕ ಸಿಬ್ಬಂದಿಯೂ ಹಿಂದಿನ ರಾತ್ರಿ ಕುಡಿದಿದ್ದರು. ವಿಮಾನ ಸುರಕ್ಷಿತವಾಗಿ ಇಳಿಯಿತು, ಮೂವರೂ ಬಂಧನಕ್ಕೊಳಗಾಗಿ ಜೈಲಿಗೆ ಹೋದರು. ಕ್ಯಾಪ್ಟನ್ ಲೈಲ್ ಪ್ರೌಸ್ ತಾನು ಕುಡಿತದ ರೋಗಿ ಎಂದು ಒಪ್ಪಿಕೊಂಡು ಚಿಕಿತ್ಸೆ ಪಡೆದರು. ಶಿಕ್ಷೆ ಅನುಭವಿಸಿ, ಕಳೆದುಕೊಂಡ ಲೈಸೆನ್ಸುಗಳನ್ನೆಲ್ಲ ಮೊದಲಿನಿಂದ ಸಂಪಾದಿಸಿ, ಅದೇ ಕಂಪನಿಗೆ ಮರಳಿ, 747 ವಿಮಾನದ ಕ್ಯಾಪ್ಟನ್ ಆಗಿ ನಿವೃತ್ತರಾದರು. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನ ನೀಡಿದರು. ಶಿಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಅಲ್ಲಿನ ಪೈಲಟ್‌ಗಳಿಗೆ 1970ರ ದಶಕದಿಂದಲೇ ಚಿಕಿತ್ಸೆ ಪಡೆದು, ನಿಗಾದಲ್ಲಿದ್ದು, ಕೆಲಸಕ್ಕೆ ಮರಳುವ ವ್ಯವಸ್ಥೆ ಇತ್ತು. ಕುಡಿತದ ತೊಂದರೆಯನ್ನು ಆರೋಗ್ಯದ ಸಮಸ್ಯೆಯಾಗಿ ನೋಡಿ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಕೈಪಿಡಿಯೂ ಹೇಳುತ್ತದೆ.

ನಮ್ಮ ಡಿಪೋಗಳಿಗೂ ಅಂಥ ದಾರಿ ಬೇಕು. ಸಿಕ್ಕಿಬಿದ್ದವರಿಗೆ ಒಂದು ನಿಯಮ, ತಾವಾಗಿ ಬಂದು ಹೇಳಿಕೊಂಡವರಿಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ 'ಆಡಿಟ್' ಪಟ್ಟಿಯಿದೆ. 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ವಿಚಾರಿಸಬೇಕಾದ ಹೊತ್ತು ಬಂತು ಎಂದರ್ಥ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡುವಾಗ ಅದನ್ನೂ ಕೇಳಬಹುದು.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು "ನಾಳೆಯಿಂದ ಮುಟ್ಟಲ್ಲ" ಎಂದು ಆಣೆ ಮಾಡಿ ಮರುದಿನವೇ ಗಾಡಿ ಹತ್ತಬಾರದು. ತಟ್ಟನೆ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆಯೂ ಕಾಡಬಹುದು. ಬಿಡುವುದು ವೈದ್ಯರ ಕಣ್ಣೆದುರಿಗೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ದೂರದ ಊರಿನವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಫಿಟ್ ಎಂದು ಬರೆದುಕೊಡುವವರೆಗೆ ಆ ಡ್ರೈವರಿಗೆ ಡಿಪೋದ ಸ್ಟೋರಿನಲ್ಲೋ ಆಫೀಸಿನಲ್ಲೋ ಕೆಲಸ ಕೊಡಲಿ, ಸಂಬಳ ನಿಲ್ಲಿಸದಿರಲಿ. ಆಗ ಕಂಡಕ್ಟರ್ ಏಲಕ್ಕಿ ಕೊಡುವ ಬದಲು, "ಅಣ್ಣ, ಇವತ್ತು ಗಾಡಿ ಬೇಡ, ನಾನೂ ಆಸ್ಪತ್ರೆಗೆ ಬರ್ತೀನಿ" ಎನ್ನಬಹುದು.