ಗನ್ನವರಂನಿಂದ ಆಂಧ್ರದ ನೆತ್ತಿಯವರೆಗೆ



ವಿಜಯವಾಡ, ಗನ್ನವರಂ ಕಡೆ ನೆಲೆಸಿರುವ ಕನ್ನಡದವರ ಕಾರು ರಜೆ ಬಂತೆಂದರೆ ಊರಿನ ಕಡೆಗೇ ತಿರುಗುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿ, ಕರ್ನಾಟಕದ ತುತ್ತತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡವರು ನಿಮ್ಮಲ್ಲೂ ಇರಬಹುದು. ಸರಿ, ನೀವು ಅನ್ನ ತಿನ್ನುತ್ತಿರುವ ಆಂಧ್ರದ ಅತಿ ಎತ್ತರದ ಜಾಗ ಯಾವುದು?

ಮಕ್ಕಳು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಕೆಲವು ಪುಸ್ತಕಗಳಲ್ಲಿ ಅರ್ಮಕೊಂಡ, 1680 ಮೀಟರ್. ಇನ್ನು ಕೆಲವುಗಳಲ್ಲಿ ಜಿಂದಗಡ, 1690 ಮೀಟರ್. ಪೂರ್ವಘಟ್ಟದ ಅತಿ ಎತ್ತರದ ಶಿಖರವೆಂದು ಹಳೆಯ ಪಾಠಗಳು ಹೇಳುತ್ತಿದ್ದ ಒಡಿಶಾದ ಮಹೇಂದ್ರಗಿರಿ 1501 ಮೀಟರ್ ಅಷ್ಟೇ. ಹತ್ತು ಮೀಟರ್ ಅಂದರೆ ಮೂರಂತಸ್ತಿನ ಮನೆ. ಕಾಡು ಮುಚ್ಚಿದ, ಒಂದಕ್ಕೊಂದು ತಾಗಿದ ಬೆಟ್ಟಸಾಲಿನಲ್ಲಿ ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಯಾವುದು ಗೆದ್ದರೂ ನೀವು ಹೋಗಬೇಕಾದದ್ದು ಪಾಡೇರು, ಅರಕು ಸೀಮೆಗೆ. 2022ರ ಏಪ್ರಿಲ್‌ನಿಂದ ಅದು ಅಲ್ಲೂರಿ ಸೀತಾರಾಮರಾಜು ಜಿಲ್ಲೆ, ಕೇಂದ್ರ ಪಾಡೇರು.

ಗನ್ನವರಂನಿಂದ ಹೆದ್ದಾರಿ ಹಿಡಿದು ಏಲೂರು, ಗೋದಾವರಿ, ತುನಿ ದಾಟಿ ಅನಕಾಪಲ್ಲಿವರೆಗೆ ಸಾಗಿ. ವಿಶಾಖಪಟ್ಟಣದವರೆಗೆ ಹೋಗಬೇಕಿಲ್ಲ. ಅಲ್ಲಿಂದ ಚೋಡವರಂ, ಮಾಡುಗುಲ, ಆಮೇಲೆ ಘಾಟಿ. ಮಾಡುಗುಲದಲ್ಲಿ ಗೋಧಿ ಹಾಲಿನ ಹಲ್ವಾ ಪ್ರಸಿದ್ಧ. ಆದರೆ ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಕ್ಕಳಿದ್ದರೆ ಕಟ್ಟಿಸಿಕೊಂಡು ಬನ್ನಿ, ಬರುವಾಗ ತಿನ್ನಿಸಿ.

ಘಾಟಿ ಏರುವಾಗ ಹಿಂದಿನ ಸೀಟಿನ ಚಿಪ್ಸ್ ಪ್ಯಾಕೆಟ್ಟನ್ನು ಮಕ್ಕಳಿಗೆ ತೋರಿಸಿ. ಊದಿಕೊಂಡಿರುತ್ತದೆ. ಒಳಗೆ ಇರುವುದು ಬಯಲಿನಲ್ಲಿ ತುಂಬಿದ ಗಾಳಿ, ಹೊರಗಿನ ಗಾಳಿಯ ಒತ್ತಡ ಮಾತ್ರ ಇಳಿದಿದೆ. ಕಿವಿ ಕಟ್ಟುವುದೂ ಅದರಿಂದಲೇ. ಎಂಜಲು ನುಂಗಿದರೆ ಬಿಡುತ್ತದೆ. 1680 ಮೀಟರಿನಲ್ಲಿ ಒತ್ತಡ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ, ಹಾಗಾಗಿ ನೀರು 94-95 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟರೆ ಅಮ್ಮನ ತಾಳ್ಮೆ ಬೆಂದೀತು!

ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು ಎಂಬುದು ಸಾಮಾನ್ಯ ಲೆಕ್ಕ. ಗನ್ನವರಂ ಸಮುದ್ರಮಟ್ಟದಿಂದ 25 ಮೀಟರ್ ಮಾತ್ರ ಮೇಲಿದೆ, ಆದ್ದರಿಂದ ತುದಿಯಲ್ಲಿ ಹತ್ತು ಡಿಗ್ರಿಯಾದರೂ ಕಡಿಮೆ. ಆದರೆ ಚಳಿಗಾಲದ ಬೆಳಗಿನಲ್ಲಿ ಈ ಲೆಕ್ಕ ತಲೆಕೆಳಗು. ರಾತ್ರಿ ತಣಿದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಗಳಲ್ಲಿ ನಿಲ್ಲುತ್ತದೆ. ಸುಮಾರು ಸಾವಿರ ಮೀಟರಿನ ಲಂಬಸಿಂಗಿಯಲ್ಲಿ ಕೆಲವು ದಿನ ಸೊನ್ನೆಯ ಹತ್ತಿರಕ್ಕೆ ಇಳಿಯುವುದು ಹೀಗೆ. ಸ್ವೆಟರು, ಮಫ್ಲರು ಡಿಕ್ಕಿಯಲ್ಲಿರಲಿ.

ಮುಳ್ಳಯ್ಯನಗಿರಿಯಲ್ಲಿ ಕಾರಿನಿಂದಿಳಿದು ಮೆಟ್ಟಿಲು ಹತ್ತಿದರೆ ಗುಡಿಯ ಮುಂದೆ ನಿಲ್ಲಬಹುದು. ಇಲ್ಲಿ ಅಷ್ಟು ಸಲೀಸು ಎಂದುಕೊಳ್ಳಬೇಡಿ. ಅಜ್ಜ ಅಜ್ಜಿ ಜೊತೆಗಿದ್ದರೆ ಪಾಡೇರಿನಲ್ಲೋ ಅರಕಿನಲ್ಲೋ ತಂಗಿ, ಬೆಟ್ಟದ ಸಾಲನ್ನು ದೂರದಿಂದ ನೋಡಿ. ನನ್ನ ಮಟ್ಟಿಗೆ ಅದೂ ಕಡಿಮೆಯ ನೋಟವಲ್ಲ. ಹತ್ತಲೇಬೇಕೆನ್ನುವವರು ದಾರಿ ಬಲ್ಲ ಅಲ್ಲಿನವರೊಬ್ಬರನ್ನು ಕರೆದುಕೊಂಡು, ಬೆಳಕಿರುವಾಗಲೇ ಇಳಿಯಿರಿ. ಮಂಜು ಕವಿದರೆ ತಿರುಗಿ ಬನ್ನಿ. ಕಾರನ್ನೂ ಅಷ್ಟೇ, ಏರಿದ ಗೇರಿನಲ್ಲೇ ಇಳಿಸಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸಲು ಹೋದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕು ಕೈಕೊಡುತ್ತದೆ.

ಅಲ್ಲಿ ಒಂದು ಲೋಟ ಕಾಫಿ ಮರೆಯಬೇಡಿ. ಆದಿವಾಸಿ ರೈತರು ಸಣ್ಣ ಹಿಡುವಳಿಗಳಲ್ಲಿ, ಮರದ ನೆರಳಿನಲ್ಲಿ ಕಾಳುಮೆಣಸಿನ ಜೊತೆ ಬೆಳೆಯುವ ಅರೇಬಿಕಾ ಅದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಐದು ಕಾಫಿಗಳಲ್ಲಿ ಅರಕಿನದೂ ಒಂದು; ಮುಳ್ಳಯ್ಯನಗಿರಿಯ ನೆರೆಯ ಬಾಬಾಬುಡನ್‌ಗಿರಿಯದು ಇನ್ನೊಂದು. ಊರಿನಿಂದ ತಂದ ಪುಡಿ ಮನೆಯಲ್ಲಿದ್ದರೆ ಎರಡನ್ನೂ ಬೇರೆ ಬೇರೆ ಫಿಲ್ಟರಿನಲ್ಲಿ ಇಳಿಸಿ, ಹೆಸರು ಹೇಳದೆ ಅಜ್ಜನ ಮುಂದಿಡಿ.