ಆರ್‌ಜೆ ಟ್ರಾಫಿಕ್ ಹೇಳಬಹುದು, ಸುದ್ದಿ ಹೇಳುವಂತಿಲ್ಲ. ಯಾಕೆ?

2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ ಶುರುವಾಯಿತು. ಅದರ ದನಿ ಶಹಾಪುರ ಸೀಮೆಯ ನಮ್ಮ ಶಿರವಾಳಕ್ಕೆ ಮುಟ್ಟಲಿಲ್ಲ. ನಮಗೆ ರೇಡಿಯೋ ಅಂದ್ರೆ ಆಕಾಶವಾಣಿನೇ. ಆದರೂ ಅವತ್ತು ಹಾಕಿದ ಗೆರೆ ನಮಗೂ ಸಂಬಂಧಿಸಿದ್ದು ಅಂತ ನನ್ನ ವಾದ.

ಮಾತೇ ಬಂಡವಾಳ

ಜಾಹೀರಾತಿನ ದುಡ್ಡಲ್ಲಿ ಹಾಡು ಕೇಳಿಸೋದು ಹೊಸದೇನಲ್ಲ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಕಾಲದ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಾಗ ಕೇಳುಗರು ರೇಡಿಯೋ ಸಿಲೋನ್ ಕಡೆ ಹೊರಳಿದರು. ಅಲ್ಲಿ ಟೂತ್‌ಪೇಸ್ಟ್ ಕಂಪನಿಯೊಂದರ ಪ್ರಾಯೋಜಕತ್ವದ ‘ಬಿನಾಕಾ ಗೀತಮಾಲಾ’ದಿಂದ ಅಮೀನ್ ಸಯಾನಿ ಮನೆಮಾತಾದರು. ಆಕಾಶವಾಣಿ 1957ರಲ್ಲಿ ವಿವಿಧ ಭಾರತಿ ತಂದಿತು. 1967ರಲ್ಲಿ ಅದರಲ್ಲಿ ಜಾಹೀರಾತೂ ಬಂತು.

ಖಾಸಗಿ ಎಫ್‌ಎಂ ಕತೆಯೂ ಅಂಥದ್ದೇ. ಮೊದಲ ಹಂತದಲ್ಲಿ 40 ನಗರಗಳ 108 ತರಂಗಾಂತರಗಳು ಹರಾಜಿಗೆ ಬಂದವು. ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು. ಹಾಡುಗಳು ಎಲ್ಲರ ಹತ್ತಿರವೂ ಅವೇ. ಕೇಳುಗರನ್ನು ಹಿಡಿದಿಡೋದು ಆರ್‌ಜೆಯ ಮಾತು. ಹಾಗಾಗಿ ಹರಟೆ, ತಮಾಷೆ, ಕನ್ನಡ-ಇಂಗ್ಲಿಷ್ ಬೆರಕೆ ಎಲ್ಲ ಬೆಳೆಯಿತು. 2005ರಲ್ಲಿ ಶುಲ್ಕದ ಬದಲು ಆದಾಯದ ಶೇ. 4 ಪಾಲು ಕೊಡುವ ಪದ್ಧತಿ ಬಂದ ಮೇಲೆ ಕೇಂದ್ರಗಳು ಸಣ್ಣ ನಗರಗಳಿಗೂ ಹಬ್ಬಿದವು.

ಬಾಯಿಗೆ ಬೀಗ

ಆದರೆ ಷರತ್ತು ಒಂದಿತ್ತು: ಸುದ್ದಿ ಹೇಳಬಾರದು. 2011ರ ಮೂರನೇ ಹಂತದ ನೀತಿ ಸ್ವಲ್ಪ ಸಡಿಲಿಸಿತು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಬಿತ್ತರಿಸಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ, ನೀರು-ಕರೆಂಟಿನ ಮಾಹಿತಿ ‘ಸುದ್ದಿಯಲ್ಲ’ ಅನ್ನಿಸಿಕೊಂಡಿತು. ಅಂದರೆ, ನಾಳೆ ನೀರು ಬರಲ್ಲ ಅಂತ ಹೇಳಬಹುದು. ಅದಕ್ಕೆ ಯಾರು ಹೊಣೆ ಅಂತ ವರದಿ ಮಾಡಿದರೆ ಅದು ಸುದ್ದಿ!

ಟಿವಿ, ಪತ್ರಿಕೆ, ಯೂಟ್ಯೂಬಿಗೆ ಇಲ್ಲದ ಈ ನಿರ್ಬಂಧ ರೇಡಿಯೋಗೆ ಮಾತ್ರ ಯಾಕೆ? ಇದೇ ಪ್ರಶ್ನೆ ಹಿಡಿದು 2013ರಲ್ಲಿ ಕಾಮನ್ ಕಾಸ್ ಸಂಸ್ಥೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ತರಂಗಾಂತರ ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಹೇಳಿದ್ದೂ ಅದೇ ಕೋರ್ಟ್.

ರೇಡಿಯೋ ಅಗ್ಗ, ಡೇಟಾ ಬೇಡ, ಓದು ಬರಬೇಕಿಲ್ಲ. ಹೊಲದಲ್ಲಿ ಕಳೆ ಕೀಳ್ತಾ ಕೇಳಬಹುದು. ಇಂಥ ಮಾಧ್ಯಮದಲ್ಲಿ ಸ್ಥಳೀಯ ಸುದ್ದಿಗೆ ಜಾಗ ಇಲ್ಲದಿದ್ದರೆ ನಷ್ಟ ಬೆಂಗಳೂರಿಗಿಂತ ಯಾದಗಿರಿಯಂಥ ಜಿಲ್ಲೆಗಳಿಗೇ ಹೆಚ್ಚು. ಜನರ ಆಸ್ತಿಯಲ್ಲಿ ಜನರ ಸುದ್ದಿಗೇ ಪರವಾನಗಿ ಇಲ್ಲ ಅನ್ನೋದನ್ನ ಪ್ರಶ್ನಿಸಬೇಕಾದವರು ನಾವೇ.